ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕೇ? ಹೊಸದಾಗಿ ಶುಗರ್ ಬಂದವರ ತಟ್ಟೆಯ ಲೆಕ್ಕ

ಶುಗರ್ ಇದೆ ಎಂದು ರಿಪೋರ್ಟ್ ಬಂದ ದಿನ ನಮ್ಮ ಮನೆಗಳಲ್ಲಿ ಮೊದಲು ತಪ್ಪಿತಸ್ಥನಾಗುವುದು ಅನ್ನ. ಮಂಡ್ಯ, ಹಾಸನದ ಕಡೆ "ಇನ್ಮೇಲೆ ಮುದ್ದೆ ಉಣ್ಣು" ಅನ್ನುತ್ತಾರೆ. ವಿಜಯಪುರ, ಕಲಬುರಗಿಯಲ್ಲಿ ಜೋಳದ ರೊಟ್ಟಿ ಇದ್ದೇ ಇದೆ, ಅದೇ ಒಂದೆರಡು ಹೆಚ್ಚಾಗುತ್ತದೆ. ಬೆಂಗಳೂರಿನವರು ಚಪಾತಿಗೆ ತಿರುಗುತ್ತಾರೆ. ಈಚಿನ ವರ್ಷಗಳಲ್ಲಿ ನವಣೆ, ಸಾಮೆ, ಆರ್ಕದ ಪೊಟ್ಟಣಗಳು ಅಡುಗೆಮನೆಗೆ ಬಂದಿವೆ. ಮೂರು ತಿಂಗಳು ಕಟ್ಟುನಿಟ್ಟಾಗಿ ಹೀಗೆ ನಡೆದ ಮೇಲೆ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿ ನೋಡಿದರೆ ಅಂಕಿ ಇದ್ದಲ್ಲೇ ಇರುತ್ತದೆ, ಇಲ್ಲವೇ ತೀರಾ ಸ್ವಲ್ಪ ಇಳಿದಿರುತ್ತದೆ. "ಅನ್ನ ಮುಟ್ಟೇ ಇಲ್ಲ ಡಾಕ್ಟ್ರೇ, ಆದ್ರೂ ಯಾಕೆ ಇಳೀತಿಲ್ಲ?" ಎಂದು ಕೇಳುವವರ ದನಿಯಲ್ಲಿ ಇರುವ ಸಂಕಟ ನಿಜವಾದದ್ದು. ಅವರು ಹೇಳಿದ್ದನ್ನು ಮಾಡಿದ್ದಾರೆ. ಅವರಿಗೆ ಹೇಳಿದ್ದೇ ಅರ್ಧ.

ಉಳಿದ ಅರ್ಧ ಏನೆಂದು ತಿಳಿಯಲು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಹೊರತಂದ ಆಹಾರದ ಕೋಷ್ಟಕ ನೋಡಬೇಕು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಮುಖ್ಯವಾಗಿ ಪಿಷ್ಟ, ಇದೆ. ಇದನ್ನೇ ಚಿಕ್ಕದಾಗಿ ಕಾರ್ಬ್ ಎನ್ನುತ್ತಾರೆ. ರಾಗಿಯಲ್ಲಿ ಸುಮಾರು 67, ಜೋಳದಲ್ಲಿ 68, ಗೋಧಿ ಹಿಟ್ಟಿನಲ್ಲಿ 64 ಗ್ರಾಂ. ನಾರಿನ ಅಂಶದಲ್ಲಿ ರಾಗಿ, ಜೋಳ, ಗೋಧಿ ಬಹಳ ಮುಂದಿವೆ. ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ಇವುಗಳಲ್ಲಿ 10-11 ಗ್ರಾಂ ಇದೆ. ರಾಗಿಯ ಸುಣ್ಣದ ಅಂಶಕ್ಕಂತೂ ಬೇರೆ ಧಾನ್ಯ ಸಾಟಿಯಿಲ್ಲ. ಆದರೆ ರಕ್ತಕ್ಕೆ ಸಕ್ಕರೆಯಾಗಿ ಸೇರುವ ಭಾಗದ ಲೆಕ್ಕ ಹಾಕಿದರೆ ನಾಲ್ಕೂ ಒಂದೇ ಓಣಿಯವು.

ಮನೆಯಲ್ಲಿ ತಿರುವುವ ಒಂದು ಹದವಾದ ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹೋಗುತ್ತದೆ. ಅಂದರೆ ಒಂದು ಮುದ್ದೆಯಲ್ಲಿ 55ರಿಂದ 65 ಗ್ರಾಂ ಕಾರ್ಬ್. ಎರಡು ಮುದ್ದೆ ಉಂಡರೆ 110ರಿಂದ 130. ವೈದ್ಯಕೀಯದಲ್ಲಿ ಲೋ ಕಾರ್ಬ್ ಎನ್ನುವುದು ಸಾಮಾನ್ಯವಾಗಿ ಇಡೀ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇರುವ ಊಟವನ್ನು. ರಾತ್ರಿಯ ಎರಡು ಮುದ್ದೆಗೇ ದಿನದ ಪಾಲು ಮುಗಿಯಿತು. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ" ಎಂದ ಹಿರಿಯರು ಸುಳ್ಳು ಹೇಳಲಿಲ್ಲ. ಆ ಮಾತಿನಲ್ಲಿ ಬೆಟ್ಟ ಕೀಳುವ ಕೆಲಸವೂ ಇದೆ. ಮುದ್ದೆ ಉಂಡು ಗದ್ದೆಗೆ ಹೋಗುವವರ ಮೈ ಆ ಪಿಷ್ಟವನ್ನು ಉರಿಸುತ್ತಿತ್ತು. ಮುದ್ದೆ ಉಂಡು ಟಿವಿ ಮುಂದೆ ಕೂರುವವರ ಮೈಯಲ್ಲಿ ಅದು ಹೋಗುವ ದಾರಿ ಬೇರೆ.

ಇದು ನನ್ನ ಲೆಕ್ಕ ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಜೊತೆ ಸೇರಿ ವರ್ಷಗಟ್ಟಲೆ ನಡೆಸಿದ ಇಂಡಿಯಾಬ್ ಸಮೀಕ್ಷೆ ದೇಶದ ಎಲ್ಲ ರಾಜ್ಯಗಳನ್ನು ತಲುಪಿದೆ. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನರಿಗೆ ಅದರ ಹೊಸ್ತಿಲಿನ ಸ್ಥಿತಿ ಎಂದು 2023ರಲ್ಲಿ ಹೇಳಿದ್ದು ಇದೇ ಸಮೀಕ್ಷೆ. 1.21 ಲಕ್ಷ ಜನರ ಊಟದ ವಿವರ ಇಟ್ಟುಕೊಂಡು 2025ರಲ್ಲಿ ಬಂದ ಅದರ ಇನ್ನೊಂದು ವರದಿ, ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಶೇ 62 ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ ಎಂದಿತು. ಪ್ರೋಟೀನಿನ ಪಾಲು ಶೇ 12ರ ಆಸುಪಾಸು. ಆ ವರದಿಯ ಇನ್ನೊಂದು ಮಾತು ನಮ್ಮ ಮನೆಗಳಿಗೆ ನೇರವಾಗಿ ತಾಕಬೇಕು: ಒಟ್ಟು ಕಾರ್ಬ್ ಕಡಿಮೆ ಮಾಡದೆ, ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದಿಟ್ಟ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿದದ್ದು ಕಾಣಲಿಲ್ಲ. ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 5ರಷ್ಟನ್ನು ಕಾರ್ಬಿನಿಂದ ತೆಗೆದು ಬೇಳೆಕಾಳು ಅಥವಾ ಹಾಲು-ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟ ಲೆಕ್ಕದಲ್ಲಿ ಅಪಾಯ ಕಡಿಮೆಯಾಯಿತು. ಇದು ಜನರ ಊಟವನ್ನು ಗಮನಿಸಿ ಮಾಡಿದ ಅಧ್ಯಯನ, ಊಟ ಬದಲಿಸಿ ಮಾಡಿದ ಪ್ರಯೋಗವಲ್ಲ. ಆದರೂ ಇಷ್ಟು ದೊಡ್ಡ ಸಂಖ್ಯೆಯ ಭಾರತೀಯರ ತಟ್ಟೆಯನ್ನೇ ನೋಡಿ ಹೇಳಿದ ಮಾತಿಗೆ ತೂಕವಿದೆ.

ಸಿರಿಧಾನ್ಯದ ಪರವಾಗಿಯೂ ಪುರಾವೆ ಇದೆ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದೆ ನಿಂತು, ಹಲವು ಅಧ್ಯಯನಗಳನ್ನು ಸೇರಿಸಿ 2021ರಲ್ಲಿ ಪ್ರಕಟಿಸಿದ ಒಟ್ಟು ವಿಶ್ಲೇಷಣೆಯಲ್ಲಿ ಸಿರಿಧಾನ್ಯ ತಿಂದ ಮಧುಮೇಹಿಗಳ ರಕ್ತದ ಸಕ್ಕರೆ ಶೇ 12ರಿಂದ 15ರಷ್ಟು ಕೆಳಗಿತ್ತು. ಎರಡು ಮಾತಿಗೂ ಜಗಳವಿಲ್ಲ ಎಂದು ನನ್ನ ತಿಳಿವಳಿಕೆ. ಇಡಿಯಾಗಿ ಬೇಯಿಸಿದ ಕಾಳಿಗೂ ಗಿರಣಿಯಲ್ಲಿ ನುಣ್ಣಗೆ ಬೀಸಿದ ಹಿಟ್ಟಿಗೂ ಹೊಟ್ಟೆಯೊಳಗೆ ಬಹಳ ವ್ಯತ್ಯಾಸವಿದೆ. ಹಿಟ್ಟು ನುಣ್ಣಗಾದಷ್ಟೂ ಬೇಗ ಜೀರ್ಣವಾಗುತ್ತದೆ, ಸಕ್ಕರೆ ಬೇಗ ಏರುತ್ತದೆ. ನವಣೆ ಅನ್ನ ಉಣ್ಣುವವರಿಗೆ ಸಿಗುವ ಲಾಭ ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿಯುವವರಿಗೆ ಸಿಗುವುದಿಲ್ಲ. ಮತ್ತು ನವಣೆ ಅನ್ನವನ್ನೂ ಅನ್ನ ಉಂಡಷ್ಟೇ ಉಂಡರೆ ಲಾಭದ ಬಹುಪಾಲು ಅಲ್ಲೇ ಕರಗುತ್ತದೆ.

ಹೊಸದಾಗಿ ಪತ್ತೆಯಾದವರಿಗೆ ಈ ಲೆಕ್ಕ ಯಾಕೆ ಇಷ್ಟು ಮುಖ್ಯ? ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ 2008ರಲ್ಲಿ ಒಂದು ವಿವರಣೆ ಕೊಟ್ಟರು. ಮೈಗೆ ಬೇಕಾದ್ದಕ್ಕಿಂತ ಹೆಚ್ಚು ತಿಂದದ್ದು, ಅದರಲ್ಲೂ ಪಿಷ್ಟ ಮತ್ತು ಸಕ್ಕರೆ, ಲಿವರಿನಲ್ಲಿ ಕೊಬ್ಬಾಗಿ ಕೂರುತ್ತದೆ. ಕೊಬ್ಬು ತುಂಬಿದ ಲಿವರ್, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತು ಕೇಳುವುದಿಲ್ಲ. ರಾತ್ರಿಯಿಡೀ ಏನೂ ತಿನ್ನದಿದ್ದರೂ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಸುರಿಯುತ್ತಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಶುಗರ್ 150 ತೋರಿಸುವುದು ಇದರಿಂದ. ಆ ಲಿವರ್ ಹೊರಹಾಕುವ ಕೊಬ್ಬು ಮೇದೋಜೀರಕ ಗ್ರಂಥಿಯಲ್ಲೂ ಸೇರುತ್ತದೆ, ಇನ್ಸುಲಿನ್ ಒಸರುವ ಬೀಟಾ ಕೋಶಗಳು ಮಂಕಾಗುತ್ತವೆ. ಮೊದಲ ವರ್ಷಗಳಲ್ಲಿ ಈ ಕೋಶಗಳು ಮಂಕಾಗಿರುತ್ತವೆ, ಪೂರ್ತಿ ಹೋಗಿರುವುದಿಲ್ಲ. ಕೊಬ್ಬು ಕರಗಿದರೆ ಹಲವರಲ್ಲಿ ಮತ್ತೆ ಕೆಲಸ ಶುರುಮಾಡುತ್ತವೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಆ ಅವಕಾಶ ಬಹಳ ಕಿರಿದಾಗುತ್ತದೆ.

"ನಾನೇನು ದಪ್ಪ ಇಲ್ಲವಲ್ಲ" ಎನ್ನುವವರು ನಮ್ಮಲ್ಲಿ ಬಹಳ. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಪಕ್ಕಪಕ್ಕ ನಿಂತ ತಮ್ಮ ಫೋಟೊವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಕೈಕಾಲು ಸಣ್ಣ, ಸೊಂಟದ ಸುತ್ತ ಮಾತ್ರ ದಪ್ಪ ಇರುವ ನಮ್ಮ ಮೈಕಟ್ಟಿಗೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ನೋಡಿಲ್ಲ. ತೂಕ ಮೇಲ್ನೋಟಕ್ಕೆ ಸರಿಯಿದ್ದರೂ ಲಿವರಿನಲ್ಲಿ ಕೊಬ್ಬು ಇರಬಹುದು. ಅಂಥವರಿಗೆ ನಾಲ್ಕೈದು ಕಿಲೋ ಇಳಿದರೂ ಅದು ದೊಡ್ಡ ವ್ಯತ್ಯಾಸ.

ಈಗ ಲೋ ಕಾರ್ಬ್ ಊಟದ ಪುರಾವೆಗೆ ಬರೋಣ. ಇಂಗ್ಲೆಂಡಿನ ಸೌತ್‌ಪೋರ್ಟ್ ಊರಿನ ಡೇವಿಡ್ ಅನ್ವಿನ್ ಎಂಬ ವೈದ್ಯರು ತಮ್ಮ ಚಿಕಿತ್ಸಾಲಯದಲ್ಲಿ 2013ರಿಂದ ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಮಧುಮೇಹದ, ರೋಗಿಗಳಿಗೆ ಬ್ರೆಡ್, ಆಲೂಗಡ್ಡೆ, ಅನ್ನ ಕಡಿಮೆ ಮಾಡಿಸುತ್ತ ಬಂದರು. 150 ಗ್ರಾಂ ಬೆಂದ ಅನ್ನ ರಕ್ತದಲ್ಲಿ ಸುಮಾರು 10 ಟೀ ಚಮಚ ಸಕ್ಕರೆಯಷ್ಟು ಪರಿಣಾಮ ಮಾಡುತ್ತದೆ ಎಂದು ಚಿತ್ರ ಬರೆದು ತೋರಿಸಿದವರು ಅವರೇ. ಅವರ 2023ರ ವರದಿಯಲ್ಲಿ ಈ ಊಟಕ್ಕೆ ಒಪ್ಪಿದ 186 ಜನರ ಪೈಕಿ ಶೇ 51ರಷ್ಟು ಜನ ಔಷಧವಿಲ್ಲದೆ ಸಕ್ಕರೆಯನ್ನು ಮಧುಮೇಹದ ಮಟ್ಟಕ್ಕಿಂತ ಕೆಳಗೆ ತಂದಿದ್ದರು. ಕಾಯಿಲೆ ಪತ್ತೆಯಾಗಿ ಒಂದು ವರ್ಷ ತುಂಬುವುದರೊಳಗೆ ಶುರುಮಾಡಿದವರಲ್ಲಿ ಈ ಪ್ರಮಾಣ ಶೇ 77. ಹದಿನೈದು ವರ್ಷ ದಾಟಿದವರಲ್ಲಿ ಶೇ 20. ತಾವಾಗಿಯೇ ಮನಸ್ಸು ಮಾಡಿದವರ ಲೆಕ್ಕ ಇದು, ಹೋಲಿಸಲು ಇನ್ನೊಂದು ಗುಂಪಿರಲಿಲ್ಲ. ಅದನ್ನು ನೆನಪಿಟ್ಟೂ ಹೇಳುತ್ತೇನೆ, 77 ಮತ್ತು 20ರ ನಡುವಿನ ಅಂತರ ಹೊಸದಾಗಿ ರಿಪೋರ್ಟ್ ಕೈಗೆ ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಗೊತ್ತಾಗಬೇಕು.

ಕಟ್ಟುನಿಟ್ಟಾದ ಪ್ರಯೋಗಗಳು ಇಷ್ಟು ಉದಾರವಾಗಿಲ್ಲ. 23 ಪ್ರಯೋಗಗಳನ್ನು ಒಟ್ಟುಮಾಡಿ ಬಿಎಂಜೆ ಪತ್ರಿಕೆ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಲೋ ಕಾರ್ಬ್ ಊಟ ಮಾಡಿದವರಲ್ಲಿ ಆರು ತಿಂಗಳಿಗೆ ಶೇ 57ರಷ್ಟು ಜನರ ಎಚ್‌ಬಿಎ1ಸಿ ಮಧುಮೇಹದ ಗಡಿಯಾದ 6.5ಕ್ಕಿಂತ ಕೆಳಗಿಳಿದಿತ್ತು, ಬೇರೆ ಪಥ್ಯದವರಲ್ಲಿ ಶೇ 31. ವರ್ಷ ತುಂಬುವ ಹೊತ್ತಿಗೆ ಈ ಅಂತರ ಸಣ್ಣದಾಯಿತು. ಮಾತ್ರೆಯನ್ನೂ ಬಿಟ್ಟಿರಬೇಕು ಎಂಬ ಷರತ್ತು ಹಾಕಿದರೆ ಅಂತರ ಖಚಿತವಾಗಿ ಉಳಿಯಲಿಲ್ಲ. ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ನಡೆಸಿದ ಡೈರೆಕ್ಟ್ ಪ್ರಯೋಗ ಲೋ ಕಾರ್ಬ್ ಅಲ್ಲ, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪೇಯದ ಮೇಲಿದ್ದು ತೂಕ ಇಳಿಸುವ ಕ್ರಮ. ಅಲ್ಲಿ ವರ್ಷಕ್ಕೆ ಶೇ 46, ಎರಡು ವರ್ಷಕ್ಕೆ ಶೇ 36 ಜನ ಔಷಧವಿಲ್ಲದೆ ಸರಿಹೋದರು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86. ಐದನೇ ವರ್ಷದವರೆಗೂ ಜೊತೆಯಲ್ಲಿ ಮುಂದುವರಿದ ಗುಂಪಿನಲ್ಲಿ ಹಾಗೆ ಸರಿಯಾಗಿಯೇ ಉಳಿದವರು ಶೇ 13. ತೂಕ ವಾಪಸ್ ಬಂದಂತೆ ಕಾಯಿಲೆಯೂ ವಾಪಸ್ ಬಂತು.

ಇವೆಲ್ಲ ಸೇರಿ ನನಗೆ ಕಾಣುವುದು ಹೀಗೆ: ಲೋ ಕಾರ್ಬ್ ಊಟದಲ್ಲಿ ಮಂತ್ರವೇನಿಲ್ಲ, ಊಟದ ನಂತರದ ಏರಿಕೆಯನ್ನು ಅಂದೇ ತಗ್ಗಿಸುತ್ತದೆ, ಹಸಿವನ್ನು ಹಿಡಿತಕ್ಕೆ ತರುತ್ತದೆ, ಅದರಿಂದ ತೂಕ ಇಳಿಯುತ್ತದೆ. ನಿಲ್ಲುವುದು ಮಾತ್ರ ಆ ಮನುಷ್ಯ ವರ್ಷಗಟ್ಟಲೆ ಉಣ್ಣಬಲ್ಲ ಊಟ. ಅಲ್ಲಿಗೆ ಪ್ರಶ್ನೆ ಪ್ರಯೋಗಾಲಯದಿಂದ ನಮ್ಮ ಅಡುಗೆಮನೆಗೆ ಬರುತ್ತದೆ.

ಎಷ್ಟು ಇಳಿಸಬೇಕು? ಇಂಡಿಯಾಬ್ ತಂಡವೇ 2022ರಲ್ಲಿ 18,090 ಜನರ ಮಾಹಿತಿಯಿಂದ ಒಂದು ಅಂದಾಜು ಕೊಟ್ಟಿತ್ತು. ಹೊಸದಾಗಿ ಮಧುಮೇಹ ಪತ್ತೆಯಾದವರು ಕಾರ್ಬನ್ನು ಒಟ್ಟು ಕ್ಯಾಲೊರಿಯ ಶೇ 49ರಿಂದ 54ಕ್ಕೆ ಇಳಿಸಿ, ಪ್ರೋಟೀನನ್ನು ಶೇ 19-20ಕ್ಕೆ ಏರಿಸಿದರೆ ಕಾಯಿಲೆ ಹಿಂದೆ ಸರಿಯುವ ಸಾಧ್ಯತೆ ಇದೆ ಎಂದು. ದಿನಕ್ಕೆ 2000 ಕ್ಯಾಲೊರಿ ತಿನ್ನುತ್ತ ಶೇ 62 ಕಾರ್ಬ್ ಪಡೆಯುವವರು 310 ಗ್ರಾಂ ತಿನ್ನುತ್ತಿದ್ದಾರೆ. ಅವರು 1600 ಕ್ಯಾಲೊರಿಗೆ, ಶೇ 50 ಕಾರ್ಬಿಗೆ ಬಂದರೆ 200 ಗ್ರಾಂ. ಅನ್ವಿನ್ ಅವರ ರೋಗಿಗಳ ಮಟ್ಟಕ್ಕೆ ಇದು ಇಳಿಯಲಿಲ್ಲ, ಪಾಶ್ಚಾತ್ಯರ ಲೆಕ್ಕದಲ್ಲಿ ಇದನ್ನು ಲೋ ಕಾರ್ಬ್ ಎನ್ನುವುದೂ ಇಲ್ಲ. ಆದರೆ ಮೂರನೇ ಒಂದು ಭಾಗ ಪಿಷ್ಟ ಕಡಿಮೆಯಾಯಿತು. ಹಬ್ಬ, ಮದುವೆ, ನೆಂಟರ ಮನೆ ಎಲ್ಲವನ್ನೂ ದಾಟಿ ಉಳಿಯಬಲ್ಲ ಮೊದಲ ಮೆಟ್ಟಿಲು ಇದು. ವೈದ್ಯರ ಒಪ್ಪಿಗೆಯಿದ್ದು, ಮೈ ಒಗ್ಗಿದರೆ 130ರ ಕಡೆಗೆ ಇಳಿಯಬಹುದು. 50 ಗ್ರಾಂಗಿಂತ ಕೆಳಗಿನ ಕೀಟೋ ಊಟವನ್ನು ಯಾರೂ ಮೊಬೈಲ್ ನೋಡಿ ಒಬ್ಬರೇ ಶುರುಮಾಡಬಾರದು.

ಕಡಿಮೆ ಮಾಡಿದ ಜಾಗಕ್ಕೆ ಏನು ಬರಬೇಕು ಎನ್ನುವಲ್ಲಿ ನಮ್ಮ ಅಡುಗೆಯೇ ನಮಗೆ ದಾರಿ ತೋರಿಸುತ್ತದೆ. ಬಾಳೆ ಎಲೆಯ ಊಟದಲ್ಲಿ ಅನ್ನಕ್ಕಿಂತ ಮೊದಲು ಬರುವುದು ಕೋಸಂಬರಿ ಮತ್ತು ಪಲ್ಯ. ಎಲೆಯ ಮೂಲೆಯಲ್ಲಿ ಒಂದು ಚಮಚ ಬಡಿಸಿ ಮುಂದೆ ಹೋಗುತ್ತಾರೆ. ಆ ಚಮಚ ಒಂದು ಬಟ್ಟಲಾಗಬೇಕು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನಕಾಯಿ, ನಿಂಬೆರಸ. ಇದನ್ನು ಮೊದಲು ತಿಂದು ಮುಗಿಸಿ ಆಮೇಲೆ ಅನ್ನಕ್ಕೆ ಕೈ ಹಾಕಬೇಕು. ನ್ಯೂಯಾರ್ಕಿನಲ್ಲಿ 11 ಮಧುಮೇಹಿಗಳ ಮೇಲೆ 2015ರಲ್ಲಿ ಮಾಡಿದ ಸಣ್ಣ ಪ್ರಯೋಗವೊಂದರಲ್ಲಿ, ಅದೇ ಊಟವನ್ನು ತರಕಾರಿ ಮತ್ತು ಪ್ರೋಟೀನ್ ಮೊದಲು, ಪಿಷ್ಟ ಕೊನೆಗೆ ಎಂಬ ಕ್ರಮದಲ್ಲಿ ತಿಂದಾಗ ಒಂದು ಗಂಟೆಯ ನಂತರದ ಸಕ್ಕರೆ ಶೇ 37ರಷ್ಟು ಕಡಿಮೆಯಿತ್ತು. ನಮ್ಮ ಎಲೆಯ ಕ್ರಮ ಆಗಲೇ ಹೀಗಿದೆ, ಪ್ರಮಾಣ ತಿರುಗಿಸಿದರೆ ಆಯಿತು.

ಮೈಸೂರು, ಮಂಡ್ಯದ ಬಸ್ಸಾರು ಇನ್ನೊಂದು. ದಂಟು, ಕೀರೆ, ಸಬ್ಬಸಿಗೆ ಸೊಪ್ಪಿನ ಜೊತೆ ಹೆಸರುಕಾಳೋ ಅಲಸಂದೆಯೋ ಬೇಯಿಸಿ, ನೀರು ಬಸಿದು ಸಾರು ಮಾಡುತ್ತಾರೆ, ಉಳಿದ ಸೊಪ್ಪು-ಕಾಳು ಪಲ್ಯವಾಗುತ್ತದೆ. ಸಾಮಾನ್ಯವಾಗಿ ಎರಡು ಮುದ್ದೆಗೆ ಎರಡು ಚಮಚ ಪಲ್ಯ. ಅದು ಅರ್ಧ ಮುದ್ದೆಗೆ ಎರಡು ಸೌಟು ಪಲ್ಯವಾದರೆ ಅದೇ ಅಡುಗೆ ಔಷಧಿಯ ಕೆಲಸ ಮಾಡುತ್ತದೆ. 50 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆಯಲ್ಲಿ 33 ಗ್ರಾಂ ಕಾರ್ಬ್, ಅಷ್ಟೇ. ಉತ್ತರ ಕರ್ನಾಟಕದವರು ಇನ್ನೂ ಅದೃಷ್ಟವಂತರು. ರೊಟ್ಟಿಯ ಪಕ್ಕ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆ, ಉಳ್ಳಾಗಡ್ಡಿ ಇಡುವ ರೂಢಿ ಅಲ್ಲಿದೆ. ಕಾಳು ಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇವೆ. ನಾಲ್ಕು ರೊಟ್ಟಿ ಒಂದೂವರೆಗೆ ಇಳಿದು, ಉಳಿದದ್ದೆಲ್ಲ ದುಪ್ಪಟ್ಟಾದರೆ ಹೊಟ್ಟೆ ತುಂಬುವುದರಲ್ಲಿ ಕೊರತೆಯಾಗುವುದಿಲ್ಲ. ಕರಾವಳಿಯಲ್ಲಿ ಬಂಗುಡೆ, ಭೂತಾಯಿ ಇದ್ದೇ ಇವೆ. ಅಲ್ಲಿಯ ಕಷ್ಟ ಗಂಜಿ. ಕುಚಲಕ್ಕಿ ಎಂಬ ಸಮಾಧಾನದಲ್ಲಿ ಬಟ್ಟಲುಗಟ್ಟಲೆ ಗಂಜಿ ಕುಡಿದರೆ ಅದೂ ಅಕ್ಕಿಯೇ.

ಬೇಳೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. "ದಿನಾ ಸಾರು ಉಣ್ತೀವಲ್ಲ, ಪ್ರೋಟೀನ್ ಸಿಗುತ್ತೆ" ಎನ್ನುತ್ತಾರೆ. ತೆಳ್ಳನೆಯ ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ತೊಗರಿಬೇಳೆ ಒಂದು ಚಮಚವೂ ಇರುವುದಿಲ್ಲ. ಅದು ಅನ್ನವನ್ನು ಗಂಟಲಿಗೆ ಇಳಿಸುವ ನೀರು. ಗಟ್ಟಿ ತೊವ್ವೆ, ಹುರುಳಿ ಉಸಲಿ, ಹಿತಕಿದ ಅವರೆ, ಇವುಗಳಲ್ಲಿ ಪ್ರೋಟೀನ್ ಇದೆ, ಜೊತೆಗೆ ಪಿಷ್ಟವೂ ಇದೆ. ತೊಗರಿಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬೇ. ಆದ್ದರಿಂದ ಬೇಳೆ ಅನ್ನದ ಬದಲಿಗೆ ಬರಬೇಕು, ಅನ್ನದ ಮೇಲೆ ಬರಬಾರದು. ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಕಾರ್ಬ್ ಇಲ್ಲವೆಂದೇ ಹೇಳಬೇಕು. ಮೊಟ್ಟೆ ತಿನ್ನದವರಿಗೆ ಪನೀರ್, ಗಟ್ಟಿ ಮೊಸರು, ಸೋಯಾ, ಒಂದು ಹಿಡಿ ಕಡಲೆಕಾಯಿ.

ಎಲ್ಲಕ್ಕಿಂತ ಕಷ್ಟ ಬೆಳಗಿನ ತಿಂಡಿ. ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಶಾವಿಗೆ, ಅಕ್ಕಿ ರೊಟ್ಟಿ, ಕಡುಬು, ವಾರದ ಏಳು ದಿನವೂ ಪಿಷ್ಟ. ಪಕ್ಕದಲ್ಲಿರುವ ಚಟ್ನಿ ಒಂದೇ ತರಕಾರಿ ಎನ್ನಬೇಕು. ಬಹಳ ಮಧುಮೇಹಿಗಳಲ್ಲಿ ಬೆಳಗಿನ ಹೊತ್ತೇ ಇನ್ಸುಲಿನ್ ಮಾತು ಕೇಳುವುದು ಕಡಿಮೆ, ಆ ಹೊತ್ತಿಗೇ ನಾವು ಅತಿ ಹೆಚ್ಚು ಪಿಷ್ಟ ಕೊಡುತ್ತೇವೆ. ದಿನದಲ್ಲಿ ಒಂದೇ ಊಟ ಬದಲಿಸುವ ಶಕ್ತಿ ಇದ್ದರೆ ತಿಂಡಿಯನ್ನು ಬದಲಿಸಿ. 50 ಗ್ರಾಂ ಅಕ್ಕಿಯಲ್ಲಿ 39 ಗ್ರಾಂ ಕಾರ್ಬ್, 4 ಗ್ರಾಂ ಪ್ರೋಟೀನ್. ಅಷ್ಟೇ ಹೆಸರುಕಾಳು ನೆನೆಸಿ ರುಬ್ಬಿ ದೋಸೆ ಹುಯ್ದರೆ 23 ಗ್ರಾಂ ಕಾರ್ಬ್, 11 ಗ್ರಾಂ ಪ್ರೋಟೀನ್. ಅದರ ಮೇಲೆ ಈರುಳ್ಳಿ, ಕ್ಯಾರೆಟ್ ತುರಿ, ಪಕ್ಕದಲ್ಲಿ ಮೊಟ್ಟೆ ಅಥವಾ ಪನೀರ್. ಮಧ್ಯಾಹ್ನದವರೆಗೆ ಹಸಿವು ಕೆರಳುವುದಿಲ್ಲ. ಕಾಫಿಯ ಸಕ್ಕರೆ ಬಿಡುವಾಗ ಬೆಲ್ಲಕ್ಕೆ ಹೋಗಬೇಡಿ, ಶುಗರಿನ ಮಟ್ಟಿಗೆ ಎರಡೂ ಒಂದೇ.

ಈಗ ಎಚ್ಚರಿಕೆಯ ಮಾತು. ಇದನ್ನು ಓದದೆ ಮೇಲಿನದನ್ನು ಮಾತ್ರ ಪಾಲಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಊಟದಲ್ಲಿ ಪಿಷ್ಟ ಇಳಿಸುವ ಮೊದಲು ನಿಮ್ಮ ಮಾತ್ರೆ ಚೀಟಿ ವೈದ್ಯರಿಗೆ ತೋರಿಸಿ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣ ಬದಲಿಸದೆ ಅನ್ನ ಕಡಿಮೆ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ.

ಇನ್ನೊಂದು ಗುಂಪಿನ ಮಾತ್ರೆಗಳ ಬಗ್ಗೆ ಜನರಿಗೆ ಗೊತ್ತಿರುವುದು ತೀರಾ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೂತ್ರದ ಮೂಲಕ ಸಕ್ಕರೆ ಹೊರಹಾಕುತ್ತವೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಔಷಧಗಳು. 2020ರಲ್ಲಿ ಡಾಪಾ, 2025ರಲ್ಲಿ ಎಂಪಾ ಪೇಟೆಂಟ್ ಮುಗಿದು ಭಾರತದಲ್ಲಿ ಬೆಲೆ ಇಳಿಯಿತು. ಈಗ ಹೊಸ ರೋಗಿಗಳ ಚೀಟಿಯಲ್ಲೂ ಸಾಮಾನ್ಯ. ಈ ಮಾತ್ರೆಯ ಮೇಲಿದ್ದು ಕಾರ್ಬನ್ನು ತೀರಾ ಇಳಿಸಿದರೆ, ಅಥವಾ ದಿನಗಟ್ಟಲೆ ಉಪವಾಸ ಮಾಡಿದರೆ, ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಜೀವಕ್ಕೇ ಅಪಾಯವಾಗಬಹುದು. ಮೋಸ ಎಲ್ಲಿದೆಯೆಂದರೆ ಆಗ ಗ್ಲುಕೋಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ತೋರಿಸದೆ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರ್ ನೋಡಿ ಸುಮ್ಮನಾಗದೆ ಆಸ್ಪತ್ರೆಗೆ ಓಡಬೇಕು, ಯಾವ ಮಾತ್ರೆ ಎಂದು ಅಲ್ಲಿ ಹೇಳಬೇಕು.

ಮಕ್ಕಳಲ್ಲಿ, ಹರೆಯದವರಲ್ಲಿ, ತೀರಾ ತೆಳ್ಳಗಿದ್ದು ಇನ್ನೂ ಸೊರಗುತ್ತಿರುವವರಲ್ಲಿ ಸಕ್ಕರೆ ಕಂಡರೆ ಅದು ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಆಗಿರಬಹುದು. ಅಲ್ಲಿ ಇನ್ಸುಲಿನ್ನೇ ಜೀವ. ಇನ್ಸುಲಿನ್ ಸಿಗುವ ಮೊದಲು, 1910ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಆಲೆನ್ ಇಂಥ ರೋಗಿಗಳನ್ನು ಹಸಿವಿನಲ್ಲಿಟ್ಟು ಕೆಲವು ತಿಂಗಳು, ಕೆಲವು ವರ್ಷ ಉಳಿಸುತ್ತಿದ್ದರು, ಎಲುಬು ಚರ್ಮ ಉಳಿದ ಮಕ್ಕಳು ಆಮೇಲೆ ಸಾಯುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದಾಗ ಆ ಕಾಲ ಮುಗಿಯಿತು. ಪಥ್ಯದ ಹೆಸರಿನಲ್ಲಿ ಯಾರೂ ಮಗುವಿನ ಇನ್ಸುಲಿನ್ ನಿಲ್ಲಿಸಿ ಆ ಕಾಲಕ್ಕೆ ವಾಪಸ್ ಹೋಗಬಾರದು. ಬಸುರಿಯರು, ಕಿಡ್ನಿ ತೊಂದರೆ ಇರುವವರು ಕೂಡ ತಮ್ಮದೇ ಲೆಕ್ಕ ಹಾಕಿಕೊಳ್ಳುವಂತಿಲ್ಲ. ಪಿಷ್ಟದ ಜಾಗದಲ್ಲಿ ತುಪ್ಪ, ಬೆಣ್ಣೆ, ಕರಿದದ್ದು ತುಂಬಿಕೊಂಡರೆ ಕೆಟ್ಟ ಕೊಲೆಸ್ಟರಾಲ್ ಏರಬಹುದು. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸುವಾಗ ಲಿಪಿಡ್ ಪರೀಕ್ಷೆಯೂ ಜೊತೆಗಿರಲಿ.

ಈ ಊಟ ಎಲ್ಲರ ಕೈಗೆಟಕುತ್ತದೆಯೇ ಎನ್ನುವುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಪಿಷ್ಟ ಅಗ್ಗ, ಪ್ರೋಟೀನ್ ದುಬಾರಿ. ಅನ್ನಭಾಗ್ಯ ಶುರುವಾದ 2013ರಿಂದ ನಮ್ಮ ರಾಜ್ಯದಲ್ಲಿ ಹಸಿವು ನೀಗಿಸುವ ಕೆಲಸವನ್ನು ಪಡಿತರದ ಅಕ್ಕಿ ಮಾಡಿದೆ, ಆ ಋಣ ದೊಡ್ಡದು. ಆದರೆ ಕೂಲಿ ಮಾಡುವ ಮನೆಯಲ್ಲಿ ಒಬ್ಬರಿಗೆ ಶುಗರ್ ಬಂದಾಗ, ಉಚಿತವಾಗಿ ಬಂದ ಅಕ್ಕಿ ಬಿಟ್ಟು ಮೊಟ್ಟೆ, ಸೊಪ್ಪು, ಕಾಳು ಕೊಳ್ಳಿ ಎಂದು ಹೇಳುವುದು ಸುಲಭವಲ್ಲ. ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ ಮುಂತಾದವು ಇರುವ ಇಂದಿರಾ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಮಧುಮೇಹದ ಕಣ್ಣಿನಿಂದ ನೋಡಿದರೆ ಅದು ಸರಿಯಾದ ದಿಕ್ಕು. ಆ ಕಿಟ್ಟಿನಲ್ಲಿ ಕಾಳಿನ ಪಾಲು ಹೆಚ್ಚಿ, ಸಕ್ಕರೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಮನೆಯೊಳಗಿನ ಹಂಚಿಕೆಯೂ ಇದೆ. ಗಂಡನಿಗೆ ಶುಗರ್ ಬಂದರೆ ಹೆಂಡತಿ ಬೇರೆ ಅಡುಗೆ ಮಾಡುತ್ತಾಳೆ. ಹೆಂಡತಿಗೆ ಬಂದರೆ ಎಲ್ಲರಿಗೂ ಬಡಿಸಿದ ಮೇಲೆ ಉಳಿದ ಅನ್ನ, ತಳದ ಸಾರು ಉಣ್ಣುತ್ತಾಳೆ. ಪಲ್ಯ ಅಷ್ಟೊತ್ತಿಗೆ ಮುಗಿದಿರುತ್ತದೆ. 2022ರ ಇಂಡಿಯಾಬ್ ಲೆಕ್ಕದಲ್ಲಿ ಹೆಂಗಸರು ಗಂಡಸರಿಗಿಂತ ಇನ್ನೂ ಶೇ 2ರಷ್ಟು ಹೆಚ್ಚು ಕಾರ್ಬ್ ಇಳಿಸಬೇಕು ಎಂದಿದೆ. ಎಲ್ಲರಿಗಿಂತ ಕೊನೆಗೆ ಕೂರುವವಳ ತಟ್ಟೆಯಲ್ಲಿ ಅದು ಆಗಬೇಕಾದರೆ ಅವಳ ಪಾಲಿನ ಕಾಳು, ಮೊಸರು, ಮೊಟ್ಟೆ ಮೊದಲೇ ಎತ್ತಿಡಬೇಕು. ಆ ಕೆಲಸ ಮನೆಯ ಉಳಿದವರದು.

ಶುರುಮಾಡುವವರಿಗೆ ಒಂದು ಗ್ಲುಕೋಮೀಟರ್, ಒಂದು ನೋಟ್‌ಬುಕ್ ಬೇಕು. ಮೊದಲ ಎರಡು ವಾರ ದಿನಕ್ಕೊಂದು ಊಟ ಆರಿಸಿ, ಮೊದಲ ತುತ್ತಿಗೆ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ಬೆರಳು ಚುಚ್ಚಿ ನೋಡಿ, ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಪಕ್ಕದಲ್ಲಿ ಬರೆಯಿರಿ. ಎರಡು ಮುದ್ದೆಯ ದಿನ, ಅರ್ಧ ಮುದ್ದೆಯ ದಿನ, ಇಡ್ಲಿಯ ದಿನ, ಹೆಸರುಕಾಳಿನ ದೋಸೆಯ ದಿನ. ಊಟವಾದ ಮೇಲೆ ಹದಿನೈದು ನಿಮಿಷ ನಡೆದ ದಿನ, ನಡೆಯದ ದಿನ. ನಿಮ್ಮ ಮೈ ಯಾವುದಕ್ಕೆ ಎಷ್ಟು ಏರುತ್ತದೆ ಎಂಬುದು ಆ ಪುಟಗಳಲ್ಲಿ ಸಿಗುತ್ತದೆ. ಎಚ್‌ಬಿಎ1ಸಿ ಇಳಿದು, ವೈದ್ಯರೇ ಮಾತ್ರೆ ನಿಲ್ಲಿಸಿ ಮೂರು ತಿಂಗಳಾದ ಮೇಲೂ 6.5ಕ್ಕಿಂತ ಕೆಳಗಿದ್ದರೆ ಅದಕ್ಕೆ ರೆಮಿಷನ್ ಎನ್ನುತ್ತಾರೆ. ವಾಸಿ ಎಂಬ ಪದವನ್ನು ತಜ್ಞರು ಬೇಕೆಂದೇ ಬಳಸುವುದಿಲ್ಲ. ಆಗಲೂ ವರ್ಷಕ್ಕೊಮ್ಮೆ ರಕ್ತ, ಮೂತ್ರ, ಪಾದ, ಕಣ್ಣಿನ ಪರೀಕ್ಷೆ ತಪ್ಪಿಸುವಂತಿಲ್ಲ. ಕಣ್ಣಿನ ಪರೀಕ್ಷೆಯನ್ನಂತೂ ಕಾಯಿಲೆ ಪತ್ತೆಯಾದ ವಾರದಲ್ಲೇ ಮಾಡಿಸಿ. ಟೈಪ್ 2 ಎಷ್ಟೋ ಸಲ ಗೊತ್ತಾಗುವ ಹಲವು ವರ್ಷ ಮೊದಲೇ ಮೈಯೊಳಗೆ ಶುರುವಾಗಿರುತ್ತದೆ.